ಗೆರೆ ಎಳೆಯಬೇಕಾಗಿದ್ದವರು

ಚೆನ್ನೈಯ ವೆಸ್ಟ್ ಮಾಂಬಲಂನಲ್ಲಿ, ನಮ್ಮ ಆಫೀಸಿನ ಹಿರಿಯರೊಬ್ಬರ ಮನೆಯ ಹಾಲಿನಲ್ಲಿ ಆ ಭಾನುವಾರ ಮಧ್ಯಾಹ್ನ ನಾವು ನಾಲ್ಕು ಜನ ಇದ್ದೆವು. ಕಿಟಕಿಯ ಪಕ್ಕದ ಮಂಚದ ಮೇಲೆ ಅವರ ತಾಯಿ, ಎಂಬತ್ತು ದಾಟಿದವರು, ಬೆನ್ನಿಗೆ ದಿಂಬು ಕೊಟ್ಟುಕೊಂಡು ಕಾಲು ಚಾಚಿ ಕೂತಿದ್ದರು. ಅಡುಗೆಮನೆಯ ಹೊಸಿಲಿನ ಹತ್ತಿರ ಅವರ ಹೆಂಡತಿ, ಆಫೀಸಿನವರೆಲ್ಲ ಮಾಮಿ ಎಂದು ಕರೆಯುತ್ತಿದ್ದವರು, ಮೊರ ಮುಂದಿಟ್ಟುಕೊಂಡು ನುಗ್ಗೆಸೊಪ್ಪು ಬಿಡಿಸುತ್ತಿದ್ದರು. ನಾನು ಬಾಗಿಲ ಬಳಿ ಸ್ಟೂಲಿನ ಮೇಲೆ. ಅವರೊಬ್ಬರೇ ನಿಂತಿದ್ದವರು. ಗೋಡೆಗೆ ಒಂದು ಬಿಳಿ ಪಂಚೆ ಕಟ್ಟಿತ್ತು, ಅದೇ ಪರದೆ. ಪ್ರೊಜೆಕ್ಟರ್ ಆಫೀಸಿನಲ್ಲೇ ಉಳಿದಿತ್ತು. ಅದರ ಮೇಲಿಡುವ ಪಾರದರ್ಶಕ ಹಾಳೆಗಳನ್ನು ಒಂದೊಂದಾಗಿ ಪಂಚೆಗೆ ಆನಿಸಿ ಹಿಡಿದು ತೋರಿಸುತ್ತಿದ್ದರು. ಮೈಮೇಲೆ ಬನಿಯನ್ನು, ಕಿವಿಯ ಮೇಲೆ ಒಂದು ಪೆನ್ಸಿಲ್ಲು. ನಿಂತ ನಿಲುವು ಮಾತ್ರ ದೊಡ್ಡ ಸಭೆಯ ಮುಂದೆ ನಿಂತವರದು.

"ಅಮ್ಮಾ, ಇದು ತೊಟ್ಟಿ. ಬಣ್ಣದ ಕಾರ್ಖಾನೆ ನೀರೆಲ್ಲ ಇಲ್ಲಿಗೆ ಬರತ್ತೆ. ಇದರಲ್ಲಿ ಕಣ್ಣಿಗೆ ಕಾಣದ ಹುಳ ಇರತ್ತೆ. ಅದು ಕೊಳೇನ ತಿನ್ನತ್ತೆ. ತಿಂದು ದಪ್ಪ ಆಗಿ ಮುಂದಿನ ತೊಟ್ಟೀಲಿ ತಳಕ್ಕೆ ಕೂತ್ಕೊಳ್ಳತ್ತೆ. ಮೇಲಿನ ತಿಳಿ ನೀರು ಹೊರಗೆ ಹೋಗತ್ತೆ. ತಳದಲ್ಲಿ ಕೂತದ್ದರಲ್ಲಿ ಸ್ವಲ್ಪ ತೆಗೆದು ವಾಪಸು ಮೊದಲಿನ ತೊಟ್ಟಿಗೇ ಹಾಕ್ತೀವಿ."

"ಯಾಕೆ? ಅಷ್ಟು ಕಷ್ಟಪಟ್ಟು ತೆಗೆದದ್ದನ್ನ ಮತ್ತೆ ಯಾಕೋ ಹಾಕೋದು?"

"ಹೆಪ್ಪು ಹಾಕಿದ ಹಾಗೆ ಅಂದ್ಕೋ. ನಿನ್ನೆ ಮೊಸರು ಸ್ವಲ್ಪ ಎತ್ತಿಟ್ಕೊಂಡು..."

"ಥೂ! ಮೊಸರಿನ ಮಾತು ಆ ಹೊಲಸಿಗೆ ತರ್ತೀಯಾ? ನಾಳೆ ನಾನು ಊಟ ಮಾಡಬೇಕೋ ಬೇಡವೋ?"

ಮಾಮಿ ಸೊಪ್ಪಿನಿಂದ ತಲೆ ಎತ್ತದೆ, "ದೋಸೆ ಹಿಟ್ಟಿನ ಹೆಸರೂ ಎತ್ತಬೇಡಿ, ಈಗಲೇ ಹೇಳ್ದೆ," ಎಂದರು.

ಅವರು ಹಾಳೆ ಹಿಡಿದುಕೊಂಡೇ ಒಂದು ಗಳಿಗೆ ಸೂರು ನೋಡಿದರು. ಆಮೇಲೆ ಕೇಳಿದರು. "ಶರಿ. ಆಗೆಲ್ಲ ನೀನು ಒಲೆ ಆರಿಸೋವಾಗ ಒಂದೆರಡು ಕೆಂಡ ಬೂದೀಲಿ ಮುಚ್ಚಿಡ್ತಿದ್ದೆಯಲ್ಲ, ಬೆಳಿಗ್ಗೆ ಮತ್ತೆ ಹಚ್ಚೋಕೆ?"

"ಆಮಾ, ಇಡ್ತಿದ್ದೆ."

"ಇದು ಅದೇ."

"ಹಾಗೆ ಹೇಳು ಮತ್ತೆ! ಅದನ್ನ ಬಿಟ್ಟು ಮೊಸರಂತೆ, ಹೆಪ್ಪಂತೆ."

ಅವರು ನನ್ನ ಕಡೆ ತಿರುಗಿದರು. ಮುಖದಲ್ಲಿ ಪರೀಕ್ಷೆ ಪಾಸಾದವನ ಖುಷಿ. "ನೋಡಿದೆಯೇನಪ್ಪಾ? ಇಂಗ್ಲಿಷಲ್ಲಿ ಗೊತ್ತಿಲ್ಲದ್ದನ್ನೂ ಗೊತ್ತಿರೋ ಹಾಗೆ ಹೇಳಿ ದಾಟಿಬಿಡಬಹುದು. ಮನೆ ಮಾತಲ್ಲಿ ಆಗಲ್ಲ. ಕಾಲು ಸಿಕ್ಕಿ ಬಿದ್ದುಬಿಡ್ತೀಯ. ಅದಕ್ಕೇ ಮೊದಲು ಇಲ್ಲಿ ಬೀಳೋದು."

ಅದು ಅವರ ಪದ್ಧತಿ. ಎಂಥ ದೊಡ್ಡ ಸಭೆಯಿರಲಿ, ಎಂಥ ಕಂಪನಿಯಿರಲಿ, ಇಂಗ್ಲಿಷಿನಲ್ಲೋ ತಮಿಳಿನಲ್ಲೋ ಹೇಳಬೇಕಾದ್ದನ್ನು ಮೊದಲು ಆ ಹಾಲಿನಲ್ಲಿ, ಆ ಮಂಚದ ಮುಂದೆ, ಕನ್ನಡದಲ್ಲಿ ಹೇಳಬೇಕು. ತಾಯಿಗೆ ನಿದ್ದೆ ಬಂದ ಹಾಳೆ ಮಾರನೆಯ ದಿನ ಕಂತೆಯಲ್ಲಿ ಇರುತ್ತಿರಲಿಲ್ಲ. "ಅಮ್ಮ ಎಲ್ಲಿ ಕಣ್ಣು ಮುಚ್ಚಿದ್ಲು?" ಎಂದು ಮಾಮಿಯನ್ನು ಕೇಳುವರು. "ಆ ಗೀಟು ಗೀಟಿನ ಪಟ ಬಂತಲ್ಲ, ಅಲ್ಲಿ," ಎಂದು ಮಾಮಿ ಹೇಳುವರು. ಅಷ್ಟೇ, ಆ ಪಟ ಹೋಯಿತು.

ಅವರ ಮನೆತನ ಮದರಾಸಿಗೆ ಬಂದು ತಲೆಮಾರುಗಳೇ ಆಗಿದ್ದವು. ಮೈಸೂರು ಕಡೆಯಿಂದ ಬಂದವರಂತೆ, ಯಾವ ಊರು ಅಂತ ಅವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಹಣೆಯಲ್ಲಿ ತೆಳ್ಳಗೆ ಒಂದು ಕೆಂಪು ಗೆರೆ. ಮಾತಿನಲ್ಲಿ ಅರ್ಧ ತಮಿಳು. ಆದರೂ ಒಳಗಿನ ಕನ್ನಡ ಹಳೆಯ ಹಿತ್ತಾಳೆ ಚೊಂಬಿನ ಹಾಗೆ ಗಟ್ಟಿ. ನನ್ನ ಅಜ್ಜಿ ಆಡುತ್ತಿದ್ದ ಎಷ್ಟೋ ಮಾತುಗಳನ್ನು ನಾನು ಅರಸೀಕೆರೆ ಬಿಟ್ಟ ಮೇಲೆ ಮತ್ತೆ ಕೇಳಿದ್ದು ಆ ಮನೆಯಲ್ಲೇ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚೆನ್ನೈಗೆ ಹೋದಾಗ ನನಗೆ ತಮಿಳು ಬರುತ್ತಿರಲಿಲ್ಲ, ಇಂಗ್ಲಿಷು ಓದೋಕೆ ಬರುತ್ತಿತ್ತು, ನಾಲ್ಕು ಜನರ ಮುಂದೆ ನಿಂತರೆ ಯಾವ ಭಾಷೆಯೂ ಬರುತ್ತಿರಲಿಲ್ಲ. ವಡಪಳನಿಯಲ್ಲಿ ಒಂದು ಕೋಣೆ, ಟಿ. ನಗರದಲ್ಲಿ ಆಫೀಸು, ನಡುವೆ ಬೆವರು ಸುರಿಸಿಕೊಂಡು ಬಸ್ಸು.

ಕಾರ್ಖಾನೆಗಳ ಕೊಳೆ ನೀರನ್ನು ಶುದ್ಧ ಮಾಡುವ ಘಟಕಗಳ ನಕ್ಷೆ ಮಾಡಿಕೊಡುವುದು ನಮ್ಮ ಆಫೀಸಿನ ಕೆಲಸ. ಕೆಳಗೆ ಬಟ್ಟೆ ಅಂಗಡಿ, ಅದರ ಮೇಲಿನ ಮಹಡಿಗಳಲ್ಲಿ ನಾವು. ಹಬ್ಬದ ದಿನಗಳಲ್ಲಿ ಸೀರೆ ಕೊಳ್ಳುವವರ ನೂಕುನುಗ್ಗಲಿನಲ್ಲಿ ಮೆಟ್ಟಿಲು ಹತ್ತುವುದೇ ಒಂದು ಸಾಹಸ. ಅವರು ಆ ಆಫೀಸಿಗೆ ಹುಡುಗ ವಯಸ್ಸಿನಲ್ಲಿ ಸೇರಿದ್ದು ನಕ್ಷೆ ಬರೆಯುವುದಕ್ಕೆ. ಇಳಿಜಾರು ಬೋರ್ಡಿನ ಮುಂದೆ ಎತ್ತರದ ಸ್ಟೂಲಿನ ಮೇಲೆ ಕೂತು, ಉದ್ದನೆಯ ಸ್ಕೇಲು ಸರಿಸುತ್ತ ಗೆರೆ ಎಳೆಯುವುದು. ಅವರ ಕೈಯ ಹಳೆಯ ನಕ್ಷೆಗಳನ್ನು ನಾನು ನೋಡಿದ್ದೇನೆ. ಒಂದು ಕೊಳವೆ ಎಲ್ಲಿ ಬಗ್ಗುತ್ತದೆ ಎನ್ನುವುದನ್ನು ನೋಡಿದರೆ ನೀರು ಅಲ್ಲಿ ಹೇಗೆ ತಿರುಗುತ್ತದೆ ಎನ್ನುವುದೂ ಕಾಣುತ್ತಿತ್ತು.

ಹಾಗಿದ್ದವರು ಬೋರ್ಡು ಬಿಟ್ಟಿದ್ದು ಒಂದು ಬೆಳಗಿನ ಆಕಸ್ಮಿಕದಿಂದ. ಡೈರೆಕ್ಟರಿಗೆ ಗಂಟಲು ಕಟ್ಟಿತ್ತು. ಕಾರ್ಖಾನೆಯವರು ಬಂದು ಕೂತಿದ್ದರು. "ನೀನೇ ಬರೆದದ್ದಲ್ಲವೇನಯ್ಯ, ನೀನೇ ಹೋಗಿ ಹೇಳು," ಎಂದು ಇವರನ್ನು ತಳ್ಳಿದರು. ಇವರು ಹೋಗಿ ಹೇಳಿದರು. ಬಂದವರು ಅಲ್ಲೇ ಒಪ್ಪಿಕೊಂಡು ಎದ್ದರು. ಮುಂದಿನ ಸಲ ಗಂಟಲು ಕಟ್ಟದೆ ಇದ್ದಾಗಲೂ ಇವರೇ. ಅದರ ಮುಂದಿನ ಸಲವೂ ಇವರೇ. ನಿಧಾನವಾಗಿ ಅವರ ಬೋರ್ಡು ಮಟ್ಟಸವಾಗಿ ಮಲಗಿ, ಅದರ ಮೇಲೆ ಪ್ರೊಜೆಕ್ಟರು ಬಂದು ಕೂತಿತು, ಪಕ್ಕದಲ್ಲಿ ಕಾಫಿಯ ಫ್ಲಾಸ್ಕು. ನಾನು ಸೇರುವ ಹೊತ್ತಿಗೆ ಅವರು ಗೆರೆ ಎಳೆದು ವರ್ಷಗಳೇ ಆಗಿದ್ದವು. ಕಿವಿಯ ಮೇಲೆ ಪೆನ್ಸಿಲ್ಲು ಮಾತ್ರ ಉಳಿದಿತ್ತು.

"ಬೇರೆ ಕಡೆ ಹೋಗಬಹುದಿತ್ತಲ್ಲ ಸಾರ್?" ಎಂದು ಒಮ್ಮೆ ಕೇಳಿದೆ.

"ಹೋದೆನಪ್ಪಾ. ಇಂಟರ್‌ವ್ಯೂಗೆ ಹೋದೆ. ಒಳಗೆ ಕಾಲಿಡ್ತಿದ್ದ ಹಾಗೇ, 'ಅರೆ, ನೀವೇ ಅಲ್ಲವಾ ಅವತ್ತು ಅಷ್ಟು ಚೆನ್ನಾಗಿ ಮಾತಾಡಿದೋರು? ನಮಗೆ ನಿಮ್ಮಂಥೋರೇ ಬೇಕು' ಅಂದ್ರು. ನಾನು ತಗೊಂಡು ಹೋಗಿದ್ದ ನಕ್ಷೆಗಳ ಸುರುಳೀನ ಬಿಚ್ಚಲೂ ಇಲ್ಲ. ಅಲ್ಲೂ ಇದೇ ಬೋನು, ಬಣ್ಣ ಹೊಸದು ಅಷ್ಟೇ. ವಾಪಸು ಬಂದೆ."

ಅವರ ತಲೆಯೊಳಗೆ ಒಂದು ಘಟಕ ಇತ್ತು. ಸಣ್ಣ ಸಣ್ಣ ಬಣ್ಣದ ಕೆಲಸದವರಿಗೆ, ಪಂಪು ಕೊಳ್ಳಲಾಗದವರಿಗೆ, ಕರೆಂಟನ್ನು ನಂಬಲಾಗದವರಿಗೆ. ನೀರು ಮೆಟ್ಟಿಲು ಮೆಟ್ಟಿಲಾಗಿ ಬೀಳುತ್ತ, ಬೀಳುವಾಗಲೇ ಗಾಳಿ ಕುಡಿಯುತ್ತ ತಾನೇ ಶುದ್ಧವಾಗಬೇಕು. ಹೋಟೆಲಿನಲ್ಲಿ ಕಾಫಿಗೆ ಕೂತರೆ ಟೇಬಲ್ಲಿನ ಮೇಲೆ ಚೆಲ್ಲಿದ ನೀರಿನಲ್ಲಿ ಬೆರಳಿನಿಂದ ಅದನ್ನೇ ಎಳೆಯುತ್ತಿದ್ದರು. "ಇದು ಮೊದಲ ಮೆಟ್ಟಿಲು, ಇದು ಎರಡನೇದು, ಇಲ್ಲಿ ಸ್ವಲ್ಪ ಅಗಲ ಮಾಡಬೇಕು." ಸರ್ವರು ಬಂದು ಬಟ್ಟೆಯಿಂದ ಒರೆಸಿಬಿಡುತ್ತಿದ್ದ. ಅವರು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. "ಸರಿ ಬರೆದಿರಲಿಲ್ಲ, ಒರೆಸಿದ್ದೇ ಒಳ್ಳೇದಾಯ್ತು," ಎನ್ನುತ್ತಿದ್ದರು. ರಿಟೈರ್ ಆಗುವುದರೊಳಗೆ ಅದನ್ನು ಬೋರ್ಡಿನ ಮೇಲೆ ಪೂರ್ತಿ ಎಳೆದು ಮುಗಿಸಬೇಕು, ಅದೊಂದೇ ಅವರಿಗೆ ಬೇಕಾಗಿದ್ದದ್ದು.

ಡೈರೆಕ್ಟರು ಒಂದು ಮಾತು ಕೊಟ್ಟಿದ್ದರು. ನಿನ್ನ ಜಾಗಕ್ಕೆ ಒಬ್ಬನನ್ನು ತಯಾರು ಮಾಡು, ನೀನು ಬೋರ್ಡಿಗೆ ಹೋಗು. ಇವರು ಮಾಡಿದರು. ಒಬ್ಬನನ್ನಲ್ಲ, ಒಬ್ಬರಾದ ಮೇಲೆ ಒಬ್ಬರನ್ನು. ಕಲಿತವರು ಕಲಿತ ಕೂಡಲೇ ದೊಡ್ಡ ಕಂಪನಿಗಳಿಗೆ ಹಾರಿಹೋದರು. ಚೆನ್ನಾಗಿ ಕಲಿಸಿದ್ದೇ ತಪ್ಪಾಯಿತು. ಕೊನೆಗೆ ಅವರ ಪಾಲಿಗೆ ಬಂದವನು ನಾನು. ಊರು ಹೊಸದು, ಭಾಷೆ ಹೊಸದು, ಯಾರೂ ಕದ್ದೊಯ್ಯುವಂಥ ಸರಕಲ್ಲ.

ಮೊದಲ ದಿನವೇ ಮುಚ್ಚುಮರೆಯಿಲ್ಲದೆ ಹೇಳಿದರು. "ನೋಡಪ್ಪಾ, ನಾನು ಹೊರಗೆ ಬರೋಕೆ ನಿನ್ನ ಒಳಗೆ ತಳ್ತಾ ಇದೀನಿ. ತಿಳ್ಕೊಂಡೇ ಬಾ. ಆಮೇಲೆ ಮುದುಕ ಮೋಸ ಮಾಡಿದ ಅನ್ನಬೇಡ."

ನನಗೆ ಕೆಲಸ ಬೇಕಿತ್ತು. "ಆಗಲಿ ಸಾರ್," ಎಂದೆ.

ಅವರು ಕಲಿಸಿದ ರೀತಿ ಯಾವ ಪುಸ್ತಕದಲ್ಲೂ ಇರಲಿಕ್ಕಿಲ್ಲ. ಸಭೆಯ ದಿನ ಎಲ್ಲರಿಗಿಂತ ಮೊದಲು ಹೋಗಬೇಕು, ವೇದಿಕೆಗೆ ಹೋಗಬಾರದು. ಹಿಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ ಹೋಗಿ ಕೂರಬೇಕು. "ಇಲ್ಲಿ ಯಾರು ಕೂರ್ತಾರೆ ಗೊತ್ತಾ? ಬರೋಕೆ ಇಷ್ಟ ಇಲ್ಲದೆ ಬಂದೋನು. ಅವನಿಗೆ ನಿನ್ನ ಅಕ್ಷರ ಕಾಣಬೇಕು, ನಿನ್ನ ದನಿ ಕೇಳಬೇಕು. ಮುಂದೆ ಕೂತೋರು ಹೇಗೂ ತಲೆ ಆಡಿಸ್ತಾರೆ, ಅವರಿಗೆ ಬಿಸ್ಕತ್ತು ಹತ್ತಿರ." ಹಾಗೆ ಕೂತು ಗೋಡೆ ನೋಡಿ, ಒಂದು ಹಾಳೆಯಲ್ಲಿ ಎಷ್ಟು ಬರೆಯಬಹುದು ಎಂದು ಅಲ್ಲೇ ತೀರ್ಮಾನ. ಹೆಚ್ಚಿದ್ದರೆ ಅಲ್ಲೇ ಅಳಿಸುವುದು. ಪ್ರೊಜೆಕ್ಟರಿನ ಬಲ್ಬು ಸುಡುವುದು ಖಂಡಿತ ಎಂದು ನಂಬಿದ್ದ ಅವರು ಇನ್ನೊಂದು ಬಲ್ಬನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಯಾರಾದರೂ ಒರಗಿದರೆ "ಸ್ವಲ್ಪ ಪಾತ್ತು, ಸ್ವಲ್ಪ ಪಾತ್ತು", ಸ್ವಲ್ಪ ನೋಡಿಕೊಂಡು, ಎಂದು ಎರಡೂ ಭಾಷೆ ಬೆರೆಸಿ ಕೂಗುತ್ತಿದ್ದರು.

ಹಾಳೆಯ ಮೇಲೆ ಕಾಗದ ಮುಚ್ಚಿ ಒಂದೊಂದೇ ಸಾಲು ತೋರಿಸುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಏನು, ಮದುವೆ ಹೆಣ್ಣಿನ ಮುಖ ತೋರಿಸ್ತಿದ್ದಾನಾ? ಇರೋದು ಕೊಚ್ಚೆ ನೀರಿನ ಲೆಕ್ಕ." ಪರದೆಯ ಕಡೆ ತಿರುಗಿ ಓದುವವರನ್ನು ಕಂಡರಂತೂ ಎದ್ದೇ ಹೋಗುತ್ತಿದ್ದರು. ನಾನು ಮೊದಲ ಬಾರಿ ಆ ಮಂಚದ ಮುಂದೆ ನಿಂತಾಗ ಬರೀ ಪಂಚೆಯನ್ನೇ ನೋಡಿಕೊಂಡು ಹೇಳಿದೆ. ಅವರ ತಾಯಿ, ನನಗೆ ಅಜ್ಜಿ, "ಪಾಪ, ಹುಡುಗನಿಗೆ ಕತ್ತು ಹಿಡ್ಕೊಂಡಿದೆ ಅನ್ಸತ್ತೆ. ಎಣ್ಣೆ ಹಚ್ಚೇ," ಎಂದು ಸೊಸೆಗೆ ಹೇಳಿದರು. ಮಾಮಿ ನಗು ತಡೆಯಲಾರದೆ ಅಡುಗೆಮನೆಗೆ ಎದ್ದು ಹೋದರು.

ಮಾತು ಮರೆತರೆ ಏನು ಮಾಡುವುದು ಎಂದು ಕೇಳಿದ್ದೆ. "ನೀರು ಕುಡಿ. ನೀರು ಕುಡಿಯೋನ ಮೇಲೆ ಯಾರಿಗೂ ಅನುಮಾನ ಬರಲ್ಲ. ಗೊತ್ತಿಲ್ಲದ್ದು ಕೇಳಿದ್ರೆ ಗೊತ್ತಿಲ್ಲ ಅನ್ನು, ಯಾವಾಗ ಹೇಳ್ತೀಯ ಅನ್ನೋದನ್ನೂ ಹೇಳು. ಆಮೇಲೆ ಹೇಳಿದ ದಿನ ಹೋಗಿ ಹೇಳು. ಎಲ್ಲಾದಕ್ಕಿಂತ ಕಷ್ಟ ಅದೇ."

ಹೀಗೆ ಹಲವು ಭಾನುವಾರಗಳು ಕಳೆದವು. ಮಾಮಿಯ ನುಗ್ಗೆಸೊಪ್ಪಿನ ಸಾರು ಉಂಡು, ಅಜ್ಜಿಯ ಮುಂದೆ ನಿಂತು, ಬಿದ್ದು, ಎದ್ದು ನಾನು ಒಂದು ರೀತಿ ತಯಾರಾದೆ. ಕಚೇರಿಯ ಸಣ್ಣ ಸಭೆಗಳಲ್ಲಿ ಇಂಗ್ಲಿಷಿನಲ್ಲಿ ನಿಂತು ಹೇಳಿ ಸೈ ಅನ್ನಿಸಿಕೊಂಡೆ. ಒಳಗೆ ಮಾತ್ರ ಒಂದು ಇರುಸುಮುರುಸು ಇತ್ತು. ಒಂದೊಂದು ಸಭೆ ಗೆದ್ದಾಗಲೂ ಹಿಂದೆ ಒಂದು ಬಾಗಿಲು ಮುಚ್ಚಿದ ಹಾಗೆ ಅನ್ನಿಸುತ್ತಿತ್ತು. ಅವರ ಮುಖ ನೋಡಿದರೆ ಅಲ್ಲಿ ಒಂದು ಬಾಗಿಲು ತೆರೆಯುತ್ತಿರುವುದು ಕಾಣುತ್ತಿತ್ತು. ಪೆನ್ಸಿಲ್ಲನ್ನು ಹೊಸದಾಗಿ ಹೆರೆದು ಬರತೊಡಗಿದ್ದರು. ಅವರ ಹಳೆಯ ಬೋರ್ಡಿನ ಮೇಲಿದ್ದ ಫ್ಲಾಸ್ಕನ್ನು ತಾವೇ ಎತ್ತಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದನ್ನೂ ನೋಡಿದೆ.

ಊರಾಚೆ ಒಂದು ದೊಡ್ಡ ಬಣ್ಣದ ಕಾರ್ಖಾನೆಯ ಕೆಲಸ ಬಂತು. ಡೈರೆಕ್ಟರು ಹೇಳಿದರು, ಈ ಸಲ ಹುಡುಗ ಒಬ್ಬನೇ ಮಾಡಲಿ, ಚೆನ್ನಾಗಿ ಮಾಡಿದರೆ ಸೋಮವಾರದಿಂದ ನೀನು ಬೋರ್ಡಿಗೆ ಹೋಗಬಹುದು. ಇವರು ಸಭೆಗೆ ಬಂದರು, ಹಿಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತರು. ಹೋಗುವ ಮೊದಲು ನನ್ನ ಭುಜ ಹಿಡಿದು ಹೇಳಿದ್ದರು. "ನಾನು ಏಳಲ್ಲ. ಸೂರು ಕಳಚಿ ಬಿದ್ರೂ ಏಳಲ್ಲ. ನನ್ನ ಕಡೆ ನೋಡಬೇಡ." ಕೂತವರು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದರು, ತಮ್ಮನ್ನು ತಾವೇ ಕುರ್ಚಿಗೆ ಕಟ್ಟಿಹಾಕಿಕೊಂಡ ಹಾಗೆ.

ಅರ್ಧದವರೆಗೆ ಎಲ್ಲ ಸರಿಯಾಗೇ ನಡೆಯಿತು. ಇಂಗ್ಲಿಷು ತಡವರಿಸಲಿಲ್ಲ. ಮೊದಲ ಸಾಲಿನಲ್ಲಿ ಕಾರ್ಖಾನೆಯ ಯಜಮಾನರು, ಅಲ್ಲಿನವರು ಮುದಲಾಳಿ ಎಂದು ಕರೆಯುತ್ತಿದ್ದವರು, ಬಿಳಿ ಷರಟು ಬಿಳಿ ಪಂಚೆಯಲ್ಲಿ ಕೂತಿದ್ದರು. ಅವರ ಎರಡೂ ಪಕ್ಕದಲ್ಲಿ ಅವರ ಎಂಜಿನಿಯರುಗಳು. ಇದ್ದಕ್ಕಿದ್ದ ಹಾಗೆ ಮುದಲಾಳಿ ಕೈ ಎತ್ತಿದರು.

"ತಂಬಿ, ಕರೆಂಟ್ ಪೋನಾ ಎನ್ನ ಆಗುಂ?"

ಕರೆಂಟು ಹೋದರೆ ಏನಾಗುತ್ತದೆ? ಪ್ರಶ್ನೆ ಅರ್ಥವಾಯಿತು. ಉತ್ತರವೂ ಗೊತ್ತಿತ್ತು. ಇಂಗ್ಲಿಷಿನಲ್ಲಿ ಶುರು ಮಾಡಿದೆ. ಮುದಲಾಳಿ ತಲೆ ಅಲ್ಲಾಡಿಸಿ, "ಪುರಿಯಲೆ," ತಿಳೀಲಿಲ್ಲ, ಎಂದರು. ಮತ್ತೆ ಬೇರೆ ಥರ ಹೇಳಿದೆ. "ಪುರಿಯಲೆ." ಬಾಗಿಲು ಮುಚ್ಚಿದ ಕೋಣೆ, ಮೇಲೆ ಫ್ಯಾನಿನ ಸದ್ದು, ಮುಖಗಳೆಲ್ಲ ನನ್ನ ಮೇಲೆ. ಓಡಿಹೋಗಲು ಬಾಗಿಲಿದ್ದದ್ದು ಒಂದೇ, ಅದೂ ಅವರೆಲ್ಲರ ಬೆನ್ನ ಹಿಂದೆ. ಲೋಟ ಎತ್ತಿ ನೀರು ಕುಡಿದೆ. ನೀರು ಇಳಿಯುತ್ತಿದ್ದ ಹಾಗೆ ವೆಸ್ಟ್ ಮಾಂಬಲಂನ ಮಂಚ ಕಣ್ಣಿಗೆ ಬಂತು, ಕಾಲು ಚಾಚಿದ ಅಜ್ಜಿ ಬಂದರು. ಮಾತು ತಾನಾಗಿ ಹೊರಟಿತು. ಎಷ್ಟು ಸಲೀಸಾಗಿ ಹೊರಟಿತೆಂದರೆ, ಗಾಳಿ ಊದುವ ಪಂಪು ನಿಂತರೆ ತೊಟ್ಟಿಯ ಹುಳಕ್ಕೆ ಉಸಿರು ಕಟ್ಟುವುದು, ಎಲ್ಲ ಸಾಯುವುದರೊಳಗೆ ಒಂದು ಪಾಲನ್ನು ಬೇರೆ ತೊಟ್ಟಿಯಲ್ಲಿ ಜೀವಂತ ಇಟ್ಟುಕೊಳ್ಳುವುದು, ಒಲೆ ಆರಿಸುವಾಗ ಬೂದಿಯಲ್ಲಿ ಕೆಂಡ ಮುಚ್ಚಿಟ್ಟ ಹಾಗೆ, ಎಲ್ಲವನ್ನೂ ಗಡಗಡ ಹೇಳಿಕೊಂಡು ಹೋದೆ. ಎಷ್ಟೋ ಹೊತ್ತಿನ ಮೇಲೆ ಡೈರೆಕ್ಟರ ಮುಖ ಕಣ್ಣಿಗೆ ಬಿತ್ತು. ಅವರ ಬಾಯಿ ಅರೆ ತೆರೆದಿತ್ತು. ಆಗ ನನಗೆ ಗೊತ್ತಾಯಿತು, ಇಷ್ಟು ಹೊತ್ತೂ ನಾನು ಕನ್ನಡದಲ್ಲಿ ಮಾತಾಡುತ್ತಿದ್ದೇನೆ.

ಒಬ್ಬ ಎಂಜಿನಿಯರು ಕಿಸಕ್ಕನೆ ನಕ್ಕ. ನನ್ನ ಮಾತು ಅಲ್ಲೇ ನಿಂತಿತು. ಬೇಡ ಎಂದಿದ್ದರೂ ಕಣ್ಣು ಹಿಂದಿನ ಸಾಲಿಗೆ ಹೋಯಿತು.

ಅವರು ಹಾಗೇ ಕೂತಿದ್ದರು. ಕೈಗಳು ತೊಡೆಯ ಕೆಳಗೆ. ಅವರ ಸೋಮವಾರ ಅಲ್ಲಿತ್ತು, ಆ ಕುರ್ಚಿಯಲ್ಲಿ ಇನ್ನು ಸ್ವಲ್ಪ ಹೊತ್ತು ಅಲ್ಲಾಡದೆ ಕೂತರೆ ಸಾಕಿತ್ತು. ನಾನು ಸೋಲಬಹುದಿತ್ತು, ತಡವರಿಸಿ ಹೇಗೋ ದಡ ಸೇರಲೂಬಹುದಿತ್ತು. ಅವರು ಒಮ್ಮೆ ಕಣ್ಣು ಮುಚ್ಚಿದರು. ತೆರೆದಾಗ ಎದ್ದು ನಿಂತಿದ್ದರು.

ವೇದಿಕೆಗೆ ಬರಲಿಲ್ಲ. ನಿಂತಲ್ಲಿಂದಲೇ ನಾನು ಹೇಳಿದ್ದನ್ನು ಮೊದಲಿಂದ ತಮಿಳಿನಲ್ಲಿ ಹೇಳಿದರು. ನನ್ನ ಕೆಂಡ ಅವರ ಬಾಯಲ್ಲಿ ತಣಲ್ ಆಯಿತು. ಮುದಲಾಳಿ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದರು. ಮಾತು ನಾನು ನಿಲ್ಲಿಸಿದಲ್ಲಿಗೆ ಬಂದು ಮುಟ್ಟಿದಾಗ ಇವರು ನನ್ನ ಕಡೆ ಗದ್ದ ಎತ್ತಿ, "ನೀನು ಹೇಳಪ್ಪಾ, ನಿಲ್ಲಿಸಬೇಡ," ಎಂದರು. ನಾನು ಮುಂದಿನಿಂದ ಕನ್ನಡದಲ್ಲಿ ಹೇಳಿದೆ, ಅವರು ಹಿಂದಿನಿಂದ ತಮಿಳಿನಲ್ಲಿ ಹೇಳಿದರು, ನಡುವೆ ಕೂತವರ ಕತ್ತು ಅತ್ತ ಇತ್ತ ತಿರುಗಿತು. ನಕ್ಕ ಎಂಜಿನಿಯರು ಪೆನ್ನು ತೆಗೆದು ಬರೆದುಕೊಳ್ಳತೊಡಗಿದ. ಮುದಲಾಳಿ ಕೊನೆಗೆ ಎದ್ದು ಬಂದು ನನ್ನ ಬೆನ್ನು ತಟ್ಟಿದರು, ಹಿಂದೆ ಹೋಗಿ ಅವರ ಕೈ ಹಿಡಿದುಕೊಂಡರು. "ನಮ್ಮ ಒಲೆ ಮಾತು ಹೇಳಿದಿರಿ, ಇದು ತಿಳಿಯಿತು. ಮುಂದಿನ ಎಲ್ಲಾ ಮೀಟಿಂಗಿಗೂ ನೀವಿಬ್ಬರೂ ಒಟ್ಟಿಗೆ ಬರಬೇಕು," ಎಂದು ತಮಿಳಿನಲ್ಲಿ ಹೇಳಿದರು.

"ಜೋಡಿ ಪ್ರಮಾದಂ!" ಎಂದರು ಡೈರೆಕ್ಟರು. ಅಮೋಘ ಜೋಡಿ. ಅವರು ಇದನ್ನು ವಾಪಸು ಬರುವ ಕಾರಿನಲ್ಲೂ ಮುಂದಿನ ಸೀಟಿನಿಂದ ತಿರುಗಿ ತಿರುಗಿ ಹೇಳಿದರು. ಇನ್ನು ಮುಂದೆ ಎಲ್ಲ ಕಡೆಗೂ ಹೀಗೇ, ಇಬ್ಬರೂ, ಒಬ್ಬರು ಮುಂದೆ ಒಬ್ಬರು ಹಿಂದೆ.

ಇವರು ನನ್ನ ಪಕ್ಕದಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದರು. ನಾನು ಮೆಲ್ಲಗೆ, "ನೀವು ಏಳಬಾರದಿತ್ತು ಸಾರ್," ಎಂದೆ.

"ಗೊತ್ತಪ್ಪಾ."

ಎಷ್ಟೋ ದೂರ ಬಂದ ಮೇಲೆ ಮತ್ತೆ ಹೇಳಿದರು. "ಒಬ್ಬ ನಿಂತು ಮುಳುಗ್ತಾ ಇದ್ರೆ ಕೂತು ನೋಡೋದು ಹೇಗೆ ಅನ್ನೋದನ್ನ ಮನೇಲಿ ಪ್ರಾಕ್ಟೀಸ್ ಮಾಡಿರಲಿಲ್ಲ, ಅಷ್ಟೇ."

ಸೋಮವಾರ ಬಂತು. ಫ್ಲಾಸ್ಕನ್ನು ಯಾರೋ ಕಿಟಕಿಯ ಕಟ್ಟೆಯಿಂದ ಎತ್ತಿ ಮತ್ತೆ ಬೋರ್ಡಿನ ಮೇಲೆ ಇಟ್ಟಿದ್ದರು.

ಹಾಗೆ ನಾವು ಊರೂರು ಸುತ್ತಿದೆವು. ನಮ್ಮ ಜೋಡಿಯನ್ನು ನೋಡಲೆಂದೇ ಕರೆಸುವವರೂ ಇದ್ದರು. ಈಗ ನಾನೂ ಒಳಗೆ, ಅವರೂ ಒಳಗೆ. ಒಂದು ವ್ಯತ್ಯಾಸವೆಂದರೆ ನನಗೆ ಜೊತೆಗೆ ಅವರಿದ್ದರು, ಅವರಿಗೆ ಮೊದಲು ಯಾರೂ ಇರಲಿಲ್ಲ. ಅವರು ಒಂದು ದಿನವೂ ನನ್ನ ಮೇಲೆ ಸಿಡುಕಲಿಲ್ಲ. ನನ್ನ ತಮಿಳು ತಿದ್ದಿದರು. ಬಸ್ಸಿನಲ್ಲಿ, ರೈಲಿನಲ್ಲಿ, ತಿಂಡಿ ತಿನ್ನುವಾಗ ತಿದ್ದಿದರು. ನನ್ನ ತಮಿಳು ನೆಟ್ಟಗಾದರೆ ತಮಗೆ ಬಿಡುಗಡೆ ಎಂಬ ಆಸೆ ಇನ್ನೂ ಇತ್ತೋ ಏನೋ. ನೆಟ್ಟಗಾದ ಮೇಲೆ ನಾನೇ ಡೈರೆಕ್ಟರ ಹತ್ತಿರ ಹೋಗಿ, ಇನ್ನು ಒಬ್ಬನೇ ಮಾಡುತ್ತೇನೆ, ಸಾರನ್ನು ಬಿಟ್ಟುಬಿಡಿ ಎಂದೆ. "ಯಾಕೆ, ಜಗಳವಾ?" ಎಂದು ಕೇಳಿದರು. ಇಲ್ಲ ಎಂದೆ. "ಹಾಗಾದರೆ ಚುಮ್ಮಾ ಇರು," ಎಂದರು. ಸುಮ್ಮನಿರು.

ಅಷ್ಟರಲ್ಲಿ ಪಾರದರ್ಶಕ ಹಾಳೆಗಳ ಕಾಲ ಮುಗಿಯಿತು. ಕಂಪ್ಯೂಟರಿನಿಂದಲೇ ಗೋಡೆಗೆ ಬೆಳಕು ಬೀಳುವ ಯಂತ್ರ ಬಂತು. ಅಕ್ಷರಗಳು ಎಡದಿಂದ ಬಲದಿಂದ ಹಾರಿ ಬಂದು ಕೂರುವುದನ್ನು ಕಂಡು ಡೈರೆಕ್ಟರು ಮಗುವಿನ ಹಾಗೆ ಹಿಗ್ಗಿದರು. ಇವರು ಒಮ್ಮೆ ನೋಡಿ, "ಈ ಅಕ್ಷರಗಳಿಗೇ ನಮ್ಮ ಮಾತು ಕೇಳೋ ತಾಳ್ಮೆ ಇಲ್ಲ, ಇನ್ನು ಜನಕ್ಕೆ ಎಲ್ಲಿಂದ ಬರಬೇಕು?" ಎಂದರು. ಆದರೂ ಅದನ್ನು ಕಲಿತರು, ಹಾರಾಟವನ್ನೆಲ್ಲ ತೆಗೆದುಹಾಕಿ, ಒಂದು ಪುಟಕ್ಕೆ ಒಂದೇ ಚಿತ್ರ ಇಟ್ಟರು. ಆ ಚಿತ್ರಗಳನ್ನು ಬೇರೆಯವರು ಬರೆದಿರುತ್ತಿದ್ದರು.

ರಿಟೈರ್ ಆಗಲು ಕೆಲವು ತಿಂಗಳಿರುವಾಗ ಡೈರೆಕ್ಟರಿಗೆ ಏನನ್ನಿಸಿತೋ, ಕರೆದು, "ಶರಿ, ಇನ್ನು ನೀನು ಬೋರ್ಡಿಗೆ ಹೋಗು," ಎಂದರು. ಮಾರನೆಯ ದಿನ ಇವರು ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಬಂದರು. ಮೇಲಿನ ಮಹಡಿಯ ನಕ್ಷೆ ವಿಭಾಗಕ್ಕೆ ನಾನೂ ಜೊತೆಗೆ ಹತ್ತಿದೆ. ಅಲ್ಲಿ ಬೋರ್ಡುಗಳೇ ಇರಲಿಲ್ಲ. ತಣ್ಣನೆಯ ಕೋಣೆಯಲ್ಲಿ ಸಾಲಾಗಿ ಕಂಪ್ಯೂಟರುಗಳು, ಮುಂದೆ ಮಕ್ಕಳ ವಯಸ್ಸಿನ ಹುಡುಗ ಹುಡುಗಿಯರು. ವರ್ಷಗಳಿಂದ ಆ ಮಹಡಿಗೆ ಹತ್ತಿಯೇ ಇರದ ಅವರಿಗೆ ಇದು ಗೊತ್ತಿರಲಿಲ್ಲ. ಕೆಳಗೆ ಫ್ಲಾಸ್ಕು ಹೊತ್ತಿದ್ದ ಅವರ ಬೋರ್ಡೇ ಆಫೀಸಿನಲ್ಲಿ ಉಳಿದಿದ್ದ ಕೊನೆಯ ಬೋರ್ಡು, ಅದರ ಮೇಲೆ ಬರೆಯುವ ನಕ್ಷೆಯನ್ನು ಈಗ ಯಾರೂ ಕೇಳುತ್ತಿರಲಿಲ್ಲ.

ಮಕ್ಕಳು ಮರ್ಯಾದೆಯಿಂದ ಎದ್ದು ಕುರ್ಚಿ ಕೊಟ್ಟರು. ಮೌಸ್ ಹಿಡಿಯುವುದು ಹೇಗೆಂದು ಒಬ್ಬ ಹುಡುಗಿ ತೋರಿಸಿದಳು. ಅವರು ಹಿಡಿದರು. ತೆರೆಯ ಮೇಲೆ ಗೆರೆ ಅವರ ಕೈ ಹೋದ ಕಡೆ ಹೋಗಲಿಲ್ಲ. ಕೆಲವು ವಾರ ಹೋದರು. ಪ್ರತಿ ದಿನವೂ ಹೋದರು. ಒಂದು ಬೆಳಿಗ್ಗೆ ನಾನು ಕೆಳಗಿನ ಸಭೆಯ ಕೋಣೆಯಲ್ಲಿ ಕುರ್ಚಿ ಜೋಡಿಸುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತರು.

"ಮುಂದಿನ ಮೀಟಿಂಗ್ ಯಾವತ್ತಪ್ಪಾ?" ಎಂದು ಕೇಳಿದರು.

ಬೀಳ್ಕೊಡುಗೆಯ ದಿನ ಎಲ್ಲರೂ ಅವರ ಮಾತಿಗೆ ಕಾದಿದ್ದರು. ಹಾರ ಹಾಕಿದ ಮೇಲೆ ಅವರು ಎದ್ದು, "ನನಗೆ ಮಾತಾಡೋಕೆ ಇಷ್ಟ ಇರಲಿಲ್ಲ. ಎಲ್ಲರಿಗೂ ವಂದನೆ," ಎಂದು ಕೂತರು. ಜನ ಬಿದ್ದು ಬಿದ್ದು ನಕ್ಕರು, ಕೊನೆಯ ದಿನವೂ ತಮಾಷೆ ಬಿಡಲಿಲ್ಲವಲ್ಲ ಎಂದು. ಮಾಮಿ ಮಾತ್ರ ನಗಲಿಲ್ಲ.

ಸಾರ್ ಈಗಿಲ್ಲ. ಅವರ ತಾಯಿ ಅವರಿಗಿಂತ ಎಷ್ಟೋ ಮೊದಲು, ಅವರು ಕೆಲಸದಲ್ಲಿದ್ದಾಗಲೇ ಹೋದರು. ಮೆಟ್ಟಿಲು ಮೆಟ್ಟಿಲಿನ ಆ ಘಟಕ ಕಾಗದದ ಮೇಲೆ ಬಂತೇ ಎಂದು ಮಾಮಿಯನ್ನು ಕೇಳಿದೆ. ಇಲ್ಲ ಎಂದರು.

ರಿಟೈರ್ ಆದ ಮೇಲಿನ ಒಂದು ಸಂಗತಿ ಹೇಳುತ್ತೇನೆ. ಪ್ರತಿಯೊಂದು ಕಟ್ಟಡವೂ ಮಳೆ ನೀರನ್ನು ನೆಲಕ್ಕೆ ಇಂಗಿಸಲೇಬೇಕು ಎಂದು ಸರ್ಕಾರ ಕಡ್ಡಾಯ ಮಾಡಿದ ಕಾಲ ಅದು. ಚೆನ್ನೈಯಲ್ಲೆಲ್ಲ ಅಂಗಳ ಅಗೆಯುತ್ತಿದ್ದರು. ಅವರಿದ್ದ ಫ್ಲಾಟುಗಳ ಸಂಘದವರು ಇವರನ್ನು ಕೇಳಿದರು. ನಾನು ಆ ಭಾನುವಾರ ಊಟಕ್ಕೆ ಹೋಗಿದ್ದೆ. ಊಟದ ಮೇಜಿನ ಮೇಲೆ ಒಂದು ದೊಡ್ಡ ಹಾಳೆ, ಪೆನ್ಸಿಲಿನ ನಕ್ಷೆ. ತಾರಸಿಯ ಇಳಿಜಾರು, ಮೂಲೆಯ ಕೊಳವೆ, ಅದು ಬಗ್ಗುವ ಜಾಗ, ಕೆಳಗೆ ಇಟ್ಟಿಗೆ ಚೂರು, ಜಲ್ಲಿ, ಮರಳು ತುಂಬಿದ ಗುಂಡಿ. ಗೆರೆ ಅಲ್ಲಲ್ಲಿ ಡೊಂಕಾಗಿತ್ತು. ಆದರೂ ನೀರು ಹೇಗೆ ಇಳಿಯುತ್ತದೆ ಎನ್ನುವುದು ಕಣ್ಣಿಗೆ ಕಟ್ಟುತ್ತಿತ್ತು.

ಸಂಜೆ ಕೆಳಗೆ ಸ್ಕೂಟರು ನಿಲ್ಲಿಸುವ ಜಾಗದಲ್ಲಿ ಎಲ್ಲರೂ ಸೇರಿದರು. ನಕ್ಷೆಯನ್ನು ಕಂಬಕ್ಕೆ ಅಂಟಿಸಿದರು. ಕಾರ್ಯದರ್ಶಿ, "ಸಾರ್, ನೀಂಗಳೇ ಸೊಲ್ಲಿಡುಂಗ," ನೀವೇ ಹೇಳಿಬಿಡಿ, ಎಂದರು. ಇವರು ಅಭ್ಯಾಸಬಲದಿಂದ ಎದ್ದರು. ಮಾಮಿ ಅವರ ತೋಳು ಹಿಡಿದು, "ನೀವು ಕೂತ್ಕೊಳ್ಳಿ," ಎಂದು ಕೂರಿಸಿ, ಸೆರಗು ಸಿಕ್ಕಿಸಿಕೊಂಡು ತಾವೇ ನಕ್ಷೆಯ ಪಕ್ಕಕ್ಕೆ ಹೋಗಿ ನಿಂತರು. ಜನರ ಕಡೆ ಮುಖ ಮಾಡಿ, ಕೈ ಮಾತ್ರ ಹಾಳೆಯ ಕಡೆ ಚಾಚಿ, ತಾರಸಿಯಿಂದ ಗುಂಡಿಯವರೆಗೆ ಎಲ್ಲವನ್ನೂ ತಮಿಳಿನಲ್ಲಿ ಹೇಳಿದರು. ಮೂರನೆಯ ಮಹಡಿಯವರೊಬ್ಬರು, ಗುಂಡಿ ತುಂಬಿಹೋದರೆ ಹೆಚ್ಚಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಇವರು ಕುರ್ಚಿಯಲ್ಲೇ ಬಾಯಿ ತೆರೆದರು, ಮತ್ತೆ ಮುಚ್ಚಿಕೊಂಡರು. ಮಾಮಿ ಅದಕ್ಕೂ ಉತ್ತರ ಹೇಳಿದರು.

ಬುಧವಾರ ಅಗೆಯುವವರು ಬಂದರು. ಇವರು ಗುಂಡಿಯ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಸಿಕೊಂಡು, ಕೆಲಸ ಮುಗಿಯುವವರೆಗೆ ಮಾತಾಡದೆ ಕೂತಿದ್ದರು.